ಲೈಕಿಗೋ, ತೀರ್ಪುಗಾರರಿಗೋ? ಕೊಡಗಿನ ಹಾಡುಗಾರರು ಯಾವ ವಿಡಿಯೋ ಸ್ಪರ್ಧೆಗೆ ಹೋಗಬೇಕು

ಗೋಣಿಕೊಪ್ಪದಲ್ಲಿ ನಾನು ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಜುಲೈ-ಆಗಸ್ಟ್ ಮಳೆಯ ಕಕ್ಕಡ ತಿಂಗಳಲ್ಲಿ ಮದುವೆ ಇರುವುದಿಲ್ಲ, ಕೆಲಸವೂ ಕಡಿಮೆ. ಆಗ ಹಾಡುವ ಮಕ್ಕಳು, ದುಡಿ (ಕೈಯಲ್ಲಿ ಹಿಡಿಯುವ ಸಣ್ಣ ಚರ್ಮವಾದ್ಯ) ತಂಡದವರು, ಗಿಟಾರ್ ಹಿಡಿದ ಹುಡುಗರು ಬರುತ್ತಾರೆ. "ಅಣ್ಣಾ, ಆನ್‌ಲೈನ್ ಕಾಂಪಿಟಿಶನ್ ಇದೆ, ಒಂದು ವಿಡಿಯೋ ಮಾಡಿಕೊಡಿ" ಅನ್ನುತ್ತಾರೆ. ಆರೇಳು ವರ್ಷದಲ್ಲಿ ಇಂಥ ಎಷ್ಟೋ ವಿಡಿಯೋ ತೆಗೆದಿದ್ದೇನೆ. ಕೆಲವರಿಗೆ ಒಳ್ಳೆಯದಾಯಿತು. ಜಾಸ್ತಿ ಜನರಿಗೆ ಒಂದು ಇ-ಸರ್ಟಿಫಿಕೇಟ್ ಬಿಟ್ಟರೆ ಏನೂ ಸಿಗಲಿಲ್ಲ. ಅವರು ಚೆನ್ನಾಗಿ ಹಾಡಲಿಲ್ಲ ಅಂತಲ್ಲ. ಹೋದ ಸ್ಪರ್ಧೆ ಅವರಿಗೆ ಹೊಂದುವಂಥದ್ದಾಗಿರಲಿಲ್ಲ.

ಅದಕ್ಕೇ ಈಗ ಯಾರು ಬಂದರೂ ಮೊದಲು ಒಂದು ಮಾತು ಕೇಳುತ್ತೇನೆ. ಬಹುಮಾನ ಎಷ್ಟು ಅಂತ ಅಲ್ಲ. ಈ ವಿಡಿಯೋವನ್ನು ಯಾರು ನೋಡಬೇಕು? ನಿಮ್ಮನ್ನು ಮದುವೆಗೆ ಕರೆಯುವ ಊರವರಾ, ನಿಮ್ಮ ಹಾಡನ್ನು ಒಮ್ಮೆಯೂ ಕೇಳದ ಹೊರಗಿನವರಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ಲೈಕ್ ಎಣಿಸುವ ಸ್ಪರ್ಧೆಗಳು

ನಮ್ಮಲ್ಲಿ ಜಾಸ್ತಿ ಕಾಣುವುದು ಇವೇ. ಕಾವೇರಿ ಸಂಕ್ರಮಣ, ಹುತ್ತರಿ, ದಸರಾ ಹತ್ತಿರ ಬಂದರೆ ಯಾವುದಾದರೂ ಫೇಸ್‌ಬುಕ್ ಪೇಜು, ಅಂಗಡಿ, ಹೋಮ್‌ಸ್ಟೇ ಇಂಥ ಸ್ಪರ್ಧೆ ಶುರು ಮಾಡುತ್ತದೆ. ವಿಡಿಯೋ ಕಳಿಸಿ, ಅವರ ಪೇಜಿನಲ್ಲಿ ಹಾಕುತ್ತಾರೆ, ಜಾಸ್ತಿ ಲೈಕ್ ಬಂದವರಿಗೆ ಬಹುಮಾನ.

ಪಕ್ಕದ ಊರಿನ ಒಬ್ಬ ಪಿಯುಸಿ ಹುಡುಗಿ ಒಮ್ಮೆ ಇಂಥದ್ದಕ್ಕೆ ಹಾಡಿದಳು. ಒಳ್ಳೆ ಗಂಟಲು. ಹತ್ತು ದಿನ ಅವಳ ಮನೆಯಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಅವಳ ಅಮ್ಮ ಅಡುಗೆ ಮನೆಯಲ್ಲಿ ನಿಂತು ಬೆಂಗಳೂರು, ಮೈಸೂರು, ದುಬೈ ಅಂತ ನೆಂಟರಿಗೆಲ್ಲ ಫೋನ್ ಮಾಡಿ ಲೈಕ್ ಕೇಳಿದರು. ಕೊನೆಯ ರಾತ್ರಿ ಹನ್ನೊಂದರವರೆಗೂ ಅವಳೇ ಮುಂದಿದ್ದಳು. ಬೆಳಿಗ್ಗೆ ನೋಡಿದರೆ ಇನ್ನೊಂದು ವಿಡಿಯೋಗೆ ರಾತ್ರೋರಾತ್ರಿ ಸಾವಿರಾರು ಲೈಕ್ ಬಿದ್ದಿತ್ತು. ಲೈಕ್ ಕೊಟ್ಟ ಅಕೌಂಟುಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಫೋಟೋ ಇಲ್ಲ, ಪೋಸ್ಟ್ ಇಲ್ಲ, ನಮ್ಮ ಕಡೆಯ ಹೆಸರೂ ಅಲ್ಲ. ಸಂಘಟಕರಿಗೆ ಹೇಳಿದರೆ "ನಿಯಮದಲ್ಲಿ ಲೈಕ್ ಅಂತಷ್ಟೇ ಇದೆ" ಅಂದರು. ಆಮೇಲೆ ಎರಡು ತಿಂಗಳು ಆ ಹುಡುಗಿ ಹಾಡಲೇ ಇಲ್ಲ. ನನಗೆ ಇವತ್ತಿಗೂ ಬೇಜಾರಿರುವುದು ಆ ಎರಡು ತಿಂಗಳ ಬಗ್ಗೆ. ಬಹುಮಾನ ಹೋದರೆ ಹೋಗಲಿ.

ಮೋಸ ಇಲ್ಲದಿದ್ದರೂ ಲೆಕ್ಕ ನಮ್ಮ ಪರವಾಗಿಲ್ಲ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ರಾಜ್ಯದಲ್ಲಿ ಅತಿ ಕಡಿಮೆ ಜನ ಇರುವ ಜಿಲ್ಲೆ ನಮ್ಮದು. ಅದೇ ಗಣತಿಯಲ್ಲಿ ಕೊಡವ ತಕ್ಕ್ ತಾಯ್ನುಡಿ ಅಂತ ಬರೆಸಿದವರು 1,13,857 ಜನ. ರಾಜ್ಯಮಟ್ಟದ ಲೈಕ್ ಸ್ಪರ್ಧೆಯಲ್ಲಿ ಬೆಂಗಳೂರಿನ ಒಂದು ದೊಡ್ಡ ಕಾಲೇಜಿನ ಹುಡುಗನಿಗೆ ಬರುವ ಲೈಕು ನಾಪೋಕ್ಲಿನ ಹುಡುಗನಿಗೆ ಎಲ್ಲಿಂದ ಬರಬೇಕು? ಅಲ್ಲಿ ಗೆಲ್ಲುವುದು ಗೆಳೆಯರ ಸಂಖ್ಯೆ, ಗಂಟಲಲ್ಲ.

ಹಾಗಂತ ಲೈಕ್ ಸ್ಪರ್ಧೆ ಪೂರ್ತಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ವಾಲಗದ ತಂಡದವರ ವಿಷಯ ನೋಡಿ. ಅವರ ಸಂಪಾದನೆ ಇರುವುದೇ ಇಲ್ಲಿನ ಮದುವೆ, ಊರ ಹಬ್ಬಗಳಲ್ಲಿ. ಜಿಲ್ಲೆಯ ಒಳಗಿನ ಪೇಜಿನಲ್ಲಿ ಅವರ ವಿಡಿಯೋ ಬಂದರೆ ಅದನ್ನು ಹಂಚುವವರು ನೆಂಟರು, ನೆರೆಯವರು. ಮುಂದಿನ ವರ್ಷ ಮಗಳ ಮದುವೆ ಮಾಡುವವರೂ ಅವರೇ. ಇಂಥವರಿಗೆ ಗೆಲ್ಲದಿದ್ದರೂ ಲಾಭವೇ. ನಾನು ತೆಗೆದುಕೊಟ್ಟ ಒಂದು ತಂಡಕ್ಕೆ ಸ್ಪರ್ಧೆಯಲ್ಲಿ ಯಾವ ಸ್ಥಾನವೂ ಬರಲಿಲ್ಲ. ಆದರೆ ವಿಡಿಯೋದ ಕೆಳಗೆ ಫೋನ್ ನಂಬರ್ ಬರೆದಿದ್ದೆವು. ಆ ಸೀಸನ್ನಿನಲ್ಲಿ ಮೂರು ಮದುವೆ ಬುಕ್ ಆಯಿತು.

ಇನ್ನೊಂದು ವಿಷಯ ಗಮನಿಸಿ. "ಟೈಮ್‌ಲೈನಲ್ಲಿ ಶೇರ್ ಮಾಡಿದರೆ ಮಾತ್ರ ಎಂಟ್ರಿ", "ಗೆಳೆಯರನ್ನು ಟ್ಯಾಗ್ ಮಾಡಿದರೆ ಮಾತ್ರ ಎಂಟ್ರಿ" ಅನ್ನುವ ಷರತ್ತನ್ನು ಫೇಸ್‌ಬುಕ್‌ನ ನಿಯಮವೇ ಒಪ್ಪುವುದಿಲ್ಲ. ಹೀಗೆ ಬರೆದಿರುವ ಪೇಜಿಗೆ ನಿಯಮದ ಪರಿಚಯ ಇಲ್ಲ, ಇಲ್ಲವೇ ಬರೀ ಫಾಲೋವರ್ಸ್ ಬೇಕು.

ತೀರ್ಪುಗಾರರು ಕೂತು ಕೇಳುವ ಸ್ಪರ್ಧೆಗಳು

ಇವು ಕಡಿಮೆ. ಹುಡುಕಬೇಕು. ಆದರೆ ಜಿಲ್ಲೆಯ ಆಚೆ ಹೆಸರು ಹೋಗಬೇಕು ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಕಾರಣ ಸರಳ. ಒಬ್ಬ ಒಳ್ಳೆಯ ಸಂಗೀತಗಾರ ನಿಮ್ಮ ನಾಲ್ಕು ನಿಮಿಷದ ಹಾಡನ್ನು ಪೂರ್ತಿ ಕೇಳಿದರೆ, ಸೋತರೂ ಅವನಿಗೆ ನಿಮ್ಮ ನೆನಪಿರುತ್ತದೆ. ಐನೂರು ಜನ ಮೂರು ಸೆಕೆಂಡು ನೋಡಿ ಲೈಕ್ ಒತ್ತಿದರೆ ಒಬ್ಬರಿಗೂ ನೆನಪಿರುವುದಿಲ್ಲ.

ಹೊರದೇಶದ ಒಂದು ಉದಾಹರಣೆ ಹೇಳಬೇಕು. ಅಮೆರಿಕದಲ್ಲಿ ಎನ್‌ಪಿಆರ್ ಅನ್ನುವ ರೇಡಿಯೋ ಸಂಸ್ಥೆ ಟೈನಿ ಡೆಸ್ಕ್ ಕಾಂಟೆಸ್ಟ್ ಅಂತ ನಡೆಸುತ್ತದೆ. ಸ್ವಂತ ಹಾಡನ್ನು ಒಂದು ಮೇಜಿನ ಹತ್ತಿರ ಹಾಡಿ ವಿಡಿಯೋ ಕಳಿಸಬೇಕು. ದೊಡ್ಡ ಸ್ಟುಡಿಯೋ, ಲೈಟು ಏನೂ ಬೇಡ. ತೀರ್ಪುಗಾರರು ಆರಿಸುತ್ತಾರೆ. 2016ರಲ್ಲಿ ಆರು ಸಾವಿರಕ್ಕೂ ಹೆಚ್ಚು ವಿಡಿಯೋಗಳ ನಡುವೆ ಗೆದ್ದವರು ಗೇಲಿನ್ ಲೀ. ಮಿನೆಸೋಟ ರಾಜ್ಯದ ಡುಲುತ್ ಊರಿನವರು. ಮೂಳೆ ಸುಲಭವಾಗಿ ಮುರಿಯುವ ಕಾಯಿಲೆಯೊಂದಿಗೆ ಹುಟ್ಟಿದವರು, ಪಿಟೀಲನ್ನು ಚೆಲ್ಲೋ ಅನ್ನುವ ದೊಡ್ಡ ತಂತಿವಾದ್ಯದ ಹಾಗೆ ನೆಟ್ಟಗೆ ಹಿಡಿದು ನುಡಿಸುತ್ತಾರೆ. ಲೈಕ್ ಎಣಿಸಿದ್ದರೆ ಅವರ ನಿಧಾನದ ಹಾಡು ಗೆಲ್ಲುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಅದು ಅಮೆರಿಕದಲ್ಲಿ ಇರುವವರಿಗೆ ಮಾತ್ರ, ನಾವು ಅರ್ಜಿ ಹಾಕುವಂತಿಲ್ಲ. ಆದರೆ ಒಳ್ಳೆ ಸ್ಪರ್ಧೆಯ ನಿಯಮ ಹೇಗಿರಬೇಕು ಅಂತ ನೋಡಲು ಅದರ ನಿಯಮಗಳನ್ನು ಒಮ್ಮೆ ಓದಿ.

ಎರಡನ್ನೂ ಸೇರಿಸಿದ್ದೂ ಉಂಟು. 2009ರಲ್ಲಿ ಯೂಟ್ಯೂಬ್ ಸಿಂಫನಿ ಆರ್ಕೆಸ್ಟ್ರಾ ಅನ್ನುವ ದೊಡ್ಡ ವಾದ್ಯಮೇಳ ಮಾಡಿದಾಗ ಜಗತ್ತಿನ ಎಲ್ಲ ಕಡೆಯಿಂದ ವಿಡಿಯೋ ತರಿಸಿಕೊಂಡರು. ಮೊದಲು ತಜ್ಞರು ಸೋಸಿದರು, ಆಮೇಲೆ ಜನ ಓಟು ಹಾಕಿದರು. ಆಯ್ಕೆಯಾದವರು ಆ ವರ್ಷ ಏಪ್ರಿಲ್ 15ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಅನ್ನುವ ಸಭಾಂಗಣದಲ್ಲಿ ನುಡಿಸಿದರು. ಈ ಕ್ರಮ ನನಗೆ ಇಷ್ಟ. ಮೊದಲು ಕಿವಿ, ಆಮೇಲೆ ಓಟು. ನಮ್ಮ ಕಡೆಯ ಸಂಘಟಕರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹೀಗೆ ಮಾಡಿ. ಹತ್ತು ವಿಡಿಯೋ ತೀರ್ಪುಗಾರರು ಆರಿಸಲಿ, ಆಮೇಲೆ ಬೇಕಿದ್ದರೆ ಲೈಕ್ ಎಣಿಸಿ.

ತೀರ್ಪುಗಾರರ ಹೆಸರು ಮೊದಲೇ ಹಾಕಿದ್ದಾರಾ ಅಂತ ನೋಡಿ. "ಖ್ಯಾತ ತೀರ್ಪುಗಾರರು" ಅಂತ ಮಾತ್ರ ಇದ್ದರೆ ಸ್ವಲ್ಪ ಹುಷಾರು. ಹೆಸರಿದ್ದರೆ ಅವರಿಗೆ ನಿಮ್ಮ ಸಂಗೀತದ ಪರಿಚಯ ಇದೆಯಾ ಅಂತಲೂ ಯೋಚಿಸಿ. ಶಾಸ್ತ್ರೀಯ ಸಂಗೀತದ ಮೂವರು ಕೂತು, ದುಡಿ ಬಾರಿಸಿ ಹಾಡುವ ನಮ್ಮ ಬಾಳೋಪಾಟ್‌ಗೆ ಅಂಕ ಕೊಟ್ಟರೆ ಶ್ರುತಿ, ತಾಳ ಅಂತ ತಮ್ಮ ಅಳತೆಯಲ್ಲೇ ಅಳೆಯುತ್ತಾರೆ. ಅದು ಅವರ ತಪ್ಪಲ್ಲ. ನಮ್ಮ ಆಯ್ಕೆ ತಪ್ಪು.

ದುಡ್ಡು ಕಟ್ಟಿಸಿಕೊಳ್ಳುವವು

ನೂರು, ಇನ್ನೂರು, ಐನೂರು ರೂಪಾಯಿ ಎಂಟ್ರಿ ಫೀಸ್. ಎಲ್ಲರಿಗೂ ಸರ್ಟಿಫಿಕೇಟ್. ನನ್ನ ಅಕ್ಕನ ಮಗನಿಗೆ ನಾನೇ ಒಮ್ಮೆ ದುಡ್ಡು ಕಟ್ಟಿದೆ. "ಸೆಮಿ ಫೈನಲ್‌ಗೆ ಬಂದಿದ್ದೀರಿ" ಅಂತ ಮೆಸೇಜ್ ಬಂತು, ಜೊತೆಗೆ ಇನ್ನೊಂದು ಫೀಸ್. ಕೊನೆಗೆ ಗೆದ್ದವರು ಯಾರು ಅಂತಲೂ ಗೊತ್ತಾಗಲಿಲ್ಲ. ಯೂಟ್ಯೂಬಿನಲ್ಲಿ ನಡೆಸುವ ಸ್ಪರ್ಧೆಗೆ ಫೀಸ್ ತೆಗೆದುಕೊಳ್ಳಬಾರದು ಅಂತ ಯೂಟ್ಯೂಬ್ ನಿಯಮದಲ್ಲೇ ಇದೆ. ಸಂಘದ ಖರ್ಚಿಗೆ ಐವತ್ತು ರೂಪಾಯಿ ಕೇಳುವ ಊರಿನ ಸಂಘ ಬೇರೆ ಮಾತು, ಅವರು ಯಾರು ಅಂತ ನಮಗೆ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಒಂದು ರೂಪಾಯಿಯೂ ಬೇಡ.

ಟಿವಿ ರಿಯಾಲಿಟಿ ಶೋಗಳ ವಿಡಿಯೋ ಆಡಿಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿನಿಮಾ ಹಾಡು ಹಾಡುವವರಿಗೆ ಅದು ಒಳ್ಳೆ ದಾರಿ. ಕೊಡವ ತಕ್ಕ್, ಅರೆಭಾಷೆ, ಯರವ ಬುಡಕಟ್ಟಿನವರ ಹಾಡು ಹಾಡುವವರಿಗೆ ಅಲ್ಲಿ ಜಾಗ ಕಡಿಮೆ.

ಎಷ್ಟು ನಿಮಿಷ ಕೊಡುತ್ತಾರೆ?

ಇದನ್ನು ಯಾರೂ ನೋಡುವುದಿಲ್ಲ, ಆದರೆ ನಮ್ಮ ಹಾಡಿಗೆ ಇದೇ ದೊಡ್ಡ ವಿಷಯ. ಬಾಳೋಪಾಟ್ ಹೇಗಿರುತ್ತದೆ ಅಂತ ಕೇಳಿದವರಿಗೆ ಗೊತ್ತು. ನಾಲ್ಕು ಜನ ದುಡಿ ಹಿಡಿದು ಕೂರುತ್ತಾರೆ. ಇಬ್ಬರು ಒಂದು ಸಾಲು ಹಾಡಿದರೆ ಉಳಿದಿಬ್ಬರು ಅದನ್ನೇ ತಿರುಗಿಸಿ ಹಾಡುತ್ತಾರೆ. "ಬಾಳೊ ಬಾಳೊ" ಅಂತ ಶುರುವಾಗಿ ಹಾಡು ನಿಧಾನಕ್ಕೆ ವಿಷಯಕ್ಕೆ ಬರುತ್ತದೆ. 60 ಸೆಕೆಂಡಿನ ರೀಲ್ಸ್ ಸ್ಪರ್ಧೆಗೆ ಇದನ್ನು ಕಳಿಸಿದರೆ ಹಾಡು ಶುರುವಾಗುವ ಮೊದಲೇ ಮುಗಿದಿರುತ್ತದೆ. ಒಂದು ತಂಡದವರು ಹಾಡನ್ನು ಕತ್ತರಿಸಿ ಕೊಡಿ ಅಂದರು. ಎಲ್ಲಿ ಕತ್ತರಿಸಿದರೂ ಒಂದು ಜೋಡಿ ಹಾಡಿದ ಸಾಲಿಗೆ ಇನ್ನೊಂದು ಜೋಡಿಯ ಉತ್ತರ ಇಲ್ಲ. ಅರ್ಧ ಮಾತಾಡಿ ಎದ್ದು ಹೋದ ಹಾಗೆ ಕೇಳಿಸುತ್ತಿತ್ತು. ಕಳಿಸಲಿಲ್ಲ.

ಈಗ ಯೂಟ್ಯೂಬ್ ಶಾರ್ಟ್ಸ್‌ನಲ್ಲೂ ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲೂ 3 ನಿಮಿಷದವರೆಗೆ ಹಾಕಬಹುದು. ಆದರೂ ಸ್ಪರ್ಧೆಯವರು ಒಂದೂವರೆ ನಿಮಿಷ ಅಂದರೆ ಅಷ್ಟೇ. ಗಿಟಾರ್ ಹುಡುಗರಿಗೆ, ಸಿನಿಮಾ ಹಾಡಿನವರಿಗೆ ಅಷ್ಟು ಸಾಕು. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್‌ನ ಒಂದು ತುಣುಕಿಗೂ ಪರವಾಗಿಲ್ಲ, ಅಲ್ಲಿ ಕಣ್ಣಿಗೂ ಕೆಲಸ ಇದೆ. ಕಥೆ ಹೇಳುವ ಹಾಡಿಗೆ ಕನಿಷ್ಠ 4 ನಿಮಿಷ ಕೊಡುವ ಸ್ಪರ್ಧೆಯನ್ನೇ ಹುಡುಕಿ.

ವಿಡಿಯೋ ಯಾರ ಮನೆಯಲ್ಲಿ ಇರುತ್ತದೆ?

ಎರಡು ಸ್ಪರ್ಧೆ ಒಂದೇ ತರ ಕಂಡರೆ ನಾನು ಇದನ್ನು ನೋಡಿ ಆರಿಸುತ್ತೇನೆ. ಕೆಲವರು "ನಿಮ್ಮ ಸ್ವಂತ ಚಾನೆಲ್‌ನಲ್ಲಿ ಹಾಕಿ ಲಿಂಕ್ ಕಳಿಸಿ" ಅನ್ನುತ್ತಾರೆ. ಕೆಲವರು "ವಾಟ್ಸಾಪ್ ಮಾಡಿ, ನಾವು ಹಾಕುತ್ತೇವೆ" ಅನ್ನುತ್ತಾರೆ. ಮೊದಲನೆಯದರಲ್ಲಿ ಸೋತರೂ ವಿಡಿಯೋ, ವ್ಯೂ, ಕಮೆಂಟ್ ಎಲ್ಲ ನಿಮ್ಮ ಹೆಸರಲ್ಲಿ ಉಳಿಯುತ್ತದೆ. ಎರಡನೆಯದರಲ್ಲಿ ನಿಮ್ಮ ನೆಂಟರೆಲ್ಲ ಹೋಗಿ ಅವರ ಪೇಜನ್ನು ಬೆಳೆಸಿ ಬರುತ್ತಾರೆ. ಒಂದು ವರ್ಷದ ನಂತರ ಆ ಪೇಜೇ ಇರುವುದಿಲ್ಲ, ಹಾಡೂ ಇಲ್ಲ.

ವಾಟ್ಸಾಪಲ್ಲೇ ಕಳಿಸಬೇಕಾಗಿ ಬಂದರೆ ವಿಡಿಯೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೋ ಆಗಿ ಹೋದರೆ ಅದು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆದರೆ 2 ಜಿಬಿವರೆಗೆ ಇದ್ದ ಹಾಗೇ ಹೋಗುತ್ತದೆ.

ಹಕ್ಕಿನ ಸಾಲನ್ನೂ ಓದಿ. "ಕಳಿಸಿದ ವಿಡಿಯೋದ ಸಂಪೂರ್ಣ ಹಕ್ಕು ಸಂಘಟಕರದ್ದು" ಅಂತ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪ್ರಚಾರಕ್ಕೆ ಬಳಸುತ್ತೇವೆ ಅಂದರೆ ಸರಿ. ಸಂಪೂರ್ಣ ಹಕ್ಕು ಕೊಡಿ ಅಂದರೆ ಬೇಡ. ಯೂಟ್ಯೂಬಿನ ನಿಯಮದ ಪ್ರಕಾರ ಅಲ್ಲಿ ಸ್ಪರ್ಧೆ ಮಾಡುವವರು ಹೀಗೆ ಕೇಳುವಂತೆಯೇ ಇಲ್ಲ.

ಯಾವ ಹಾಡು ಕಳಿಸಬೇಕು ಅನ್ನುವುದೂ ಇದಕ್ಕೆ ಸೇರಿದ್ದೇ. ಕರೋಕೆ ಟ್ರ್ಯಾಕ್ ಹಾಕಿ ಹಾಡಿದರೆ ಯೂಟ್ಯೂಬ್ ಅದನ್ನು ತಾನಾಗಿ ಗುರುತಿಸಿ ಕಾಪಿರೈಟ್ ಕ್ಲೇಮ್ ಹಾಕಬಹುದು. ಕ್ಲೇಮ್ ಬಿದ್ದ ವಿಡಿಯೋವನ್ನು ತೆಗೆದುಹಾಕುವ ಸ್ಪರ್ಧೆಗಳಿವೆ. ಒಂದು ಗಿಟಾರ್, ಒಂದು ಹಾರ್ಮೋನಿಯಂ, ಬರೀ ತಾಳ ಇದ್ದರೂ ಸಾಕು, ನೀವೇ ನುಡಿಸಿ. ಜನಪದದವರಿಗೆ ಈ ಭಯ ಇಲ್ಲ. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವ ಹಾಡುಗಳನ್ನು ಸಂಗ್ರಹಿಸಿ ಪಟ್ಟೋಲೆ ಪಳಮೆ ಅನ್ನುವ ಪುಸ್ತಕ ತಂದದ್ದು 1924ರಲ್ಲಿ, ಅವರು ತೀರಿಕೊಂಡದ್ದು 1931ರಲ್ಲಿ. ಕೊಡವ ತಕ್ಕಿನಲ್ಲಿ ನಾಟಕ, ಹಾಡು ಬರೆದ ಹರದಾಸ ಅಪ್ಪಚ್ಚ ಕವಿಗಳು ತೀರಿಕೊಂಡದ್ದು 1944ರಲ್ಲಿ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷ ಆದ ಮೇಲೆ ಆ ಹಾಡು ಎಲ್ಲರದ್ದು. ಆದರೆ ಯಾರೋ ಇತ್ತೀಚೆಗೆ ಮಾಡಿದ ರೆಕಾರ್ಡಿಂಗನ್ನು ಹಿಂದೆ ಹಾಕಿಕೊಂಡು ಹಾಡುವಂತಿಲ್ಲ, ಅದರ ಹಕ್ಕು ಬೇರೆ.

"ಸ್ವಂತ ಹಾಡು ಮಾತ್ರ" ಅನ್ನುವ ಸ್ಪರ್ಧೆಗೆ ಹಳೆ ಜನಪದ ನಡೆಯುವುದಿಲ್ಲ. ಆದರೆ ಮದುವೆ ಮನೆಯಲ್ಲಿ ನಮ್ಮ ಹಾಡುಗಾರರು ಆ ಮನೆಯ ಹೆಸರು, ಊರು ಸೇರಿಸಿ ಅಲ್ಲೇ ಸಾಲು ಕಟ್ಟುತ್ತಾರಲ್ವಾ? ಹಳೆ ಧಾಟಿಗೆ ಹೊಸ ಸಾಲು ಕಟ್ಟಿ ಹಾಡಿ. ಧಾಟಿ ಸಂಪ್ರದಾಯದ್ದು, ಸಾಹಿತ್ಯ ನಮ್ಮದು ಅಂತ ಬರೆದು ಮೊದಲೇ ಸಂಘಟಕರನ್ನು ಕೇಳಿಕೊಳ್ಳಿ.

ಹಾಡು ಕನ್ನಡದಲ್ಲಿ ಇಲ್ಲದಿದ್ದರೆ ಕೆಳಗೆ ಕನ್ನಡದಲ್ಲಿ ಅರ್ಥ ಹಾಕಿ. ಇದು ಸಣ್ಣ ಕೆಲಸ, ಒಂದು ಸಂಜೆ ಸಾಕು. 2023ರಲ್ಲಿ ಉಮ್ಮತ್ತಾಟ್ ಕಲಾವಿದೆ ರಾಣಿ ಮಾಚಯ್ಯ ಅವರಿಗೆ ಪದ್ಮಶ್ರೀ ಬಂದಾಗ ಹೊರಜಿಲ್ಲೆಯ ಮೂವರು ಗೆಳೆಯರು ನನ್ನನ್ನು ಕೇಳಿದರು, "ಉಮ್ಮತ್ತಾಟ್ ಅಂದರೆ ಏನು, ಒಂದು ವಿಡಿಯೋ ಕಳಿಸು" ಅಂತ. ಹಾಡು ಸರಿಯಾಗಿ ಕೇಳಿಸುವ, ಅರ್ಥ ಬರೆದಿರುವ ಪೂರ್ತಿ ವಿಡಿಯೋ ಹುಡುಕಲು ನನಗೆ ಒಂದು ಗಂಟೆ ಬೇಕಾಯಿತು. ಅಂಥ ದಿನ ಬಂದಾಗ ಕಳಿಸಲು ನಿಮ್ಮದೊಂದು ಇರಬೇಕು.

ದುಡಿಯ ಶಬ್ದ ಫೋನಿಗೆ ಸಿಗುವುದಿಲ್ಲ

ಸ್ಪರ್ಧೆ ಯಾವುದಾದರೂ ಆಗಲಿ, ಶಬ್ದ ಕೆಟ್ಟರೆ ಮುಗಿಯಿತು. ದುಡಿ ಚಿಕ್ಕದು, ಆದರೆ ಫೋನಿಗೆ ಅದು ದೊಡ್ಡ ತಲೆನೋವು. ಹತ್ತಿರ ಇಟ್ಟರೆ ಪ್ರತಿ ಪೆಟ್ಟಿಗೂ ಫೋನು ಬೆದರಿ ಶಬ್ದ ತಗ್ಗಿಸುತ್ತದೆ. ಜೊತೆಗೆ ಹಾಡುವವರ ದನಿಯೂ ಮುಳುಗಿ ಏಳುತ್ತದೆ. ದೂರ ಇಟ್ಟರೆ ಗದ್ದಲ ಅಂತ ತಿಳಿದು ದುಡಿಯನ್ನೇ ಅಳಿಸಿಬಿಡುತ್ತದೆ.

ನಾನು ಮಾಡುವುದು ಹೀಗೆ. ವಿಡಿಯೋ ತೆಗೆಯುವ ಫೋನನ್ನು ಏಳೆಂಟು ಅಡಿ ದೂರ ಇಡುತ್ತೇನೆ. ಇನ್ನೊಂದು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬರೀ ಆಡಿಯೋ ರೆಕಾರ್ಡರ್ ಆನ್ ಮಾಡಿ, ಹಾಡುವವರ ಮುಂದೆ ಮೂರಡಿಯಲ್ಲಿ ಒಂದು ಬಟ್ಟೆಯ ಮೇಲೆ ಇಡುತ್ತೇನೆ. ಶುರುವಿನಲ್ಲಿ ಒಂದು ಚಪ್ಪಾಳೆ. ಎಡಿಟಿಂಗ್ ಮಾಡುವಾಗ ಆ ಚಪ್ಪಾಳೆ ಹಿಡಿದು ಎರಡನ್ನೂ ಜೋಡಿಸಿದರೆ ಆಯಿತು. ಜಾಗ ಅಂದರೆ ಐನ್‌ಮನೆಯ (ಕೊಡವರ ಹಿರಿಯರ ಮನೆಯ) ಮುಂದಿನ ಜಗಲಿ, ಅಂದರೆ ಕಯ್ಯಾಲೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮರದ ಕಂಬ, ಕಂಬಗಳ ನಡುವೆ ಕೂರುವ ಐಮರದ ಹಲಗೆ, ಒಂದು ಕಡೆ ಬಯಲು. ಶಬ್ದ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ. ಶೀಟ್ ಹಾಕಿದ ಮನೆಯಲ್ಲಿ ಮಳೆಗಾಲದಲ್ಲಿ ಪ್ರಯತ್ನ ಮಾಡಬೇಡಿ, ಮಳೆ ಮಾತ್ರ ಕೇಳಿಸುತ್ತದೆ. ತೇವಕ್ಕೆ ದುಡಿಯ ಚರ್ಮವೂ ಸಡಿಲ ಆಗಿರುತ್ತದೆ. ಒಲೆಯ ಹತ್ತಿರ ಸ್ವಲ್ಪ ಬಿಸಿ ಮಾಡಿ, ಕೂಡಲೇ ಹಾಡಿ ಮುಗಿಸಬೇಕು.

ಅದಕ್ಕೇ ನನ್ನ ಸಲಹೆ, ಮಳೆಗಾಲ ಮುಗಿದು, ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬ ಕಳೆದ ಮೇಲೆ ಒಂದು ದಿನ ಕೂತು ಎರಡು ಮೂರು ಹಾಡು ತೆಗೆದಿಟ್ಟುಬಿಡಿ. ತಂಡದವರೆಲ್ಲ ಊರಲ್ಲಿ ಇರುತ್ತಾರೆ, ಹಾಡಿ ಹಾಡಿ ಗಂಟಲೂ ತೆರೆದಿರುತ್ತದೆ. ಜುಲೈಯಲ್ಲಿ ಸ್ಪರ್ಧೆ ಬಂದರೆ ವಿಡಿಯೋ ರೆಡಿ ಇರುತ್ತದೆ. ಹೊಸದೇ ಆಗಬೇಕು ಅಂತ ನಿಯಮ ಇದೆಯಾ ಅಂತ ಒಂದು ಸಲ ನೋಡಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ವಾಲಗದವರು, ಮದುವೆ ಆರ್ಕೆಸ್ಟ್ರಾದವರು ಜಿಲ್ಲೆಯ ಒಳಗಿನ ಲೈಕ್ ಸ್ಪರ್ಧೆಗೆ ಹೋಗಿ. ಒಂದು ನಿಮಿಷದ ವಿಡಿಯೋ, ಮುಖ ಕಾಣಲಿ, ಫೋನ್ ನಂಬರ್ ಇರಲಿ. ಬಹುಮಾನದ ಚಿಂತೆ ಬಿಡಿ.

ದುಡಿ ತಂಡದವರು, ಅರೆಭಾಷೆ ಹಾಡುವವರು ತೀರ್ಪುಗಾರರಿರುವ, ಜನಪದಕ್ಕೆ ಬೇರೆ ವಿಭಾಗ ಇರುವ ಸ್ಪರ್ಧೆಗೆ ಮಾತ್ರ ಹೋಗಿ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿಯೂ ಅರೆಭಾಷೆ ಅಕಾಡೆಮಿಯೂ ಇವೆ. ಅವರ ಕಚೇರಿಯಲ್ಲಿ ಒಮ್ಮೆ ಕೇಳಿದರೆ ಯಾವ ಕಾರ್ಯಕ್ರಮ ಬರುತ್ತಿದೆ ಅಂತ ಗೊತ್ತಾಗುತ್ತದೆ.

ಸ್ವಂತ ಹಾಡು ಬರೆಯುವ ಬ್ಯಾಂಡ್ ಹುಡುಗರೇ, ನೀವು ಜಿಲ್ಲೆಯ ಸ್ಪರ್ಧೆಯಲ್ಲಿ ಸಮಯ ಕಳೆಯಬೇಡಿ. ಬೆಂಗಳೂರಿನ, ದೇಶದ ಮಟ್ಟದ, ತೀರ್ಪುಗಾರರ ಹೆಸರು ಹಾಕಿದ ಸ್ಪರ್ಧೆ ನೋಡಿ. ಗೆದ್ದರೆ ದುಡ್ಡು ಕೊಡುವುದಕ್ಕಿಂತ ವೇದಿಕೆ ಕೊಡುವುದನ್ನು ಆರಿಸಿ. ಹತ್ತು ಸಾವಿರ ರೂಪಾಯಿ ಒಂದು ತಿಂಗಳಲ್ಲಿ ಖರ್ಚಾಗುತ್ತದೆ.

ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೆ ಲೈಕ್ ಸ್ಪರ್ಧೆ ಬೇಡವೇ ಬೇಡ. ಅಪ್ಪ ಅಮ್ಮಂದಿರಿಗೆ ನಾನು ಕೈ ಮುಗಿದು ಹೇಳುವುದು ಇದು. ಮಕ್ಕಳಿಗೆ ಆಕಾಶವಾಣಿ ತೋರಿಸಿ. ಮಡಿಕೇರಿ ಕೇಂದ್ರ 103.1 ಎಫ್‌ಎಂನಲ್ಲಿ ಬರುತ್ತದೆ. ಆಕಾಶವಾಣಿಯ ಆಡಿಷನ್‌ನಲ್ಲಿ ಪಾಸಾದರೆ ಬಿ, ಬಿ-ಹೈ, ಎ, ಟಾಪ್ ಅಂತ ಗ್ರೇಡ್ ಸಿಗುತ್ತದೆ. ಅದಕ್ಕೆ ಒಬ್ಬ ನೆಂಟರ ಲೈಕೂ ಬೇಡ. ಗ್ರೇಡ್ ಸಿಕ್ಕ ಮೇಲೆ ಸ್ಪರ್ಧೆಯ ಅರ್ಜಿಯಲ್ಲಿ ಬರೆಯಲೂ ಒಂದು ಮಾತು ಇರುತ್ತದೆ.

ಕೊನೆಯ ದಿನಕ್ಕೆ ಕಾಯಬೇಡಿ. ನಾಲ್ಕು ನಿಮಿಷದ 1080 ಪಿ ವಿಡಿಯೋ ಸುಲಭವಾಗಿ ಇನ್ನೂರು, ಮುನ್ನೂರು ಎಂಬಿ ಆಗುತ್ತದೆ. ಜುಲೈ ಮಳೆಗೆ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಫೋನ್ ಹಿಡಿದು ಗುಡ್ಡ ಹತ್ತಿದರೂ ಒಂದು ಕಡ್ಡಿ ಸಿಗುವುದಿಲ್ಲ. ಮೂರು ದಿನ ಮೊದಲೇ ಪೇಟೆಗೆ ಬಂದು ಅಪ್‌ಲೋಡ್ ಮಾಡಿ. ವಿಡಿಯೋ ಪ್ರೈವೇಟ್ ಆಗಿ ಉಳಿದಿಲ್ಲ ಅಂತ ನೋಡಿ. ಆಮೇಲೆ ಆ ಲಿಂಕನ್ನು ಬೇರೆಯವರ ಫೋನಿನಲ್ಲಿ ತೆರೆದು, ಹೆಡ್‌ಫೋನ್ ಹಾಕಿ, ಶುರುವಿನಿಂದ ಕೊನೆಯವರೆಗೆ ಒಂದು ಸಲ ಕೇಳಿ.